ಡಿಸಿಎಸ್ ಹ್ಯೂಯಿಯ ಎಐ ಗನ್ನರ್‌ಗಳು: ಪಳಗಿಸಿಕೊಂಡರೆ ಪರವಾಗಿಲ್ಲ

ಡಿಸಿಎಸ್ ವರ್ಲ್ಡ್ ಅನ್ನುವ ಯುದ್ಧವಿಮಾನಗಳ ಕಂಪ್ಯೂಟರ್ ಸಿಮ್ಯುಲೇಟರ್‌ಗೆ (ಸಿಮ್) ಯುಎಚ್-1ಎಚ್ ಹ್ಯೂಯಿ ಹೆಲಿಕಾಪ್ಟರ್ ಬಂದಿದ್ದು 2013ರಲ್ಲಿ. ಹಳೇ ಮಾಡ್ಯೂಲ್ (ಬೇರೆಯಾಗಿ ಕೊಳ್ಳುವ ಭಾಗ), ಆದರೆ ಹಾರಿಸುವ ಖುಷಿಗೆ ಇವತ್ತಿಗೂ ಮೋಸವಿಲ್ಲ. ಹೆಲಿಕಾಪ್ಟರ್ ವಿಷಯ ಬಿಡಿ, ಅದರ ಎರಡು ಬಾಗಿಲಲ್ಲಿ ಕೂತು ಗನ್ ಹಿಡಿಯುವ, ಕಂಪ್ಯೂಟರೇ ನಡೆಸುವ ಎಐ ಗನ್ನರ್‌ಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಇವರಿಗೆ ಕೊಡಬಹುದಾದ ಆದೇಶ ಬಹಳ ಕಡಿಮೆ. ಸುಮ್ನೆ ಇರು, ನಮ್ಮ ಮೇಲೆ ಗುಂಡು ಹಾರಿಸಿದರೆ ಮಾತ್ರ ಹಾರಿಸು, ಕಂಡವರ ಮೇಲೆಲ್ಲ ಹಾರಿಸು, ಇಷ್ಟೇ. ಜೊತೆಗೆ ಬರ್ಸ್ಟ್ (ಒಂದೇ ಸಲಕ್ಕೆ ಹಾರುವ ಗುಂಡಿನ ಸುರಿಮಳೆ) ಚಿಕ್ಕದಿರಲಿ ಅಥವಾ ಉದ್ದ ಇರಲಿ ಅಂತ ಒಂದು ಆಯ್ಕೆ. ಯಾರಿಗೆ ಯಾವ ಆದೇಶ ಇದೆ, ಗುಂಡು ಎಷ್ಟು ಉಳಿದಿದೆ, ಆಸಾಮಿ ನೆಟ್ಟಗಿದ್ದಾನಾ ಅನ್ನುವುದು ಒಂದು ಸಣ್ಣ ಪ್ಯಾನೆಲ್‌ನಲ್ಲಿ ಕಾಣುತ್ತದೆ. ಅದನ್ನು ಯಾವಾಗಲೂ ತೆರೆದಿಡಿ.

ಟೇಕಾಫ್ ಆದ ಕೂಡಲೇ ಮೂರನೇ ಆದೇಶ ಕೊಟ್ಟು ಮರೆತುಬಿಟ್ಟರೆ ಕಥೆ ಮುಗಿಯಿತು. ಎಂ134 ಮಿನಿಗನ್ ಅಂದರೆ ನಿಮಿಷಕ್ಕೆ 2000ದಿಂದ 4000 ಗುಂಡು ಉಗುಳುವ ಯಂತ್ರ, ಪೆಟ್ಟಿಗೆ ಖಾಲಿಯಾಗಲು ಎಷ್ಟು ಹೊತ್ತು ಬೇಕು ಹೇಳಿ? ಅದಕ್ಕೆ ಚಿಕ್ಕ ಬರ್ಸ್ಟೇ ಸರಿ. ಅದರ ಬದಲು ಎಂ60 ಮೆಷಿನ್ ಗನ್ ಹಾಕಿಕೊಂಡಿದ್ದರೆ ನಿಮಿಷಕ್ಕೆ ಸುಮಾರು 550 ಅಷ್ಟೇ, ಉದ್ದ ಬರ್ಸ್ಟ್ ಕೊಟ್ಟರೂ ನಡೆಯುತ್ತದೆ.

ನಿಜವಾದ ವಿಷಯ ಇರುವುದು ನೀವು ಹೆಲಿಕಾಪ್ಟರ್ ಹಾರಿಸುವ ರೀತಿಯಲ್ಲಿ. ಗನ್ನರ್‌ಗೆ ಕಾಣುವುದು ಅವನ ಬಾಗಿಲ ಕಡೆ ಮಾತ್ರ. ಮೂತಿಯನ್ನು ಶತ್ರುವಿನ ಕಡೆಗೇ ಇಟ್ಟು ನೇರ ನುಗ್ಗಿದರೆ ಇಬ್ಬರೂ ಕೈಕಟ್ಟಿ ಕೂರಬೇಕಾಗುತ್ತದೆ, ಎಡಕ್ಕೆ ಜೋರಾಗಿ ವಾಲಿಸಿದರೆ ಎಡಗಡೆಯವನಿಗೆ ಬರೀ ನೆಲ, ಬಲಗಡೆಯವನಿಗೆ ಬರೀ ಆಕಾಶ. ಗುರಿಯನ್ನು ಒಂದು ಬಾಗಿಲಿಗೆ ನೇರ ಇಟ್ಟುಕೊಂಡು, ಸ್ವಲ್ಪವೇ ವಾಲಿಸಿ, ಸ್ಪೀಡ್ ಏರಿಳಿಸದೆ ದೊಡ್ಡ ಸುತ್ತು ಹಾಕಿ. ಆಗ ಇದೇ ದಡ್ಡರು ಚೆನ್ನಾಗಿ ಹೊಡೆಯುತ್ತಾರೆ. ಸುತ್ತು ಶುರುವಾದ ಮೇಲೆ ಆದೇಶ ಕೊಡಿ, ಬಿಟ್ಟು ಹೊರಡುವ ಮೊದಲು ಮತ್ತೆ ಸುಮ್ಮನಿರಿಸಿ. ಸೈನಿಕರನ್ನು ಇಳಿಸಲು ಹೋಗುವಾಗ ನಾನು ಎರಡನೇ ಆದೇಶದಲ್ಲಿ ಇಡುತ್ತೇನೆ.

ದೊಡ್ಡ ಕೊರತೆ ಅಂದರೆ ಗುರಿ ತೋರಿಸುವ ದಾರಿಯೇ ಇಲ್ಲ. ವಿಮಾನ ಹೊಡೆಯುವ ತುಪಾಕಿಯೂ ಖಾಲಿ ಲಾರಿಯೂ ಪಕ್ಕಪಕ್ಕದಲ್ಲಿದ್ದರೆ ಮೊದಲು ಯಾವುದು ಅಂತ ಹೇಳಲು ಆಗದು. ಇದೇ ಸಿಮ್‌ನಲ್ಲಿ 2021ರಲ್ಲಿ ಬಂದ ಎಂಐ-24ಪಿ ಹೆಲಿಕಾಪ್ಟರ್ ನೋಡಿ. ಅಲ್ಲಿನ ಎಐ ಜೊತೆಗಾರ ಪೆಟ್ರೊವಿಚ್ ಕಂಡದ್ದನ್ನೆಲ್ಲ ಪಟ್ಟಿ ಮಾಡಿ ಕೊಡುತ್ತಾನೆ, ನೀವು ಆರಿಸಿದರೆ ಆಯಿತು. ಆದರೆ ಮಿಸೈಲ್ ತಾಗುವವರೆಗೂ ಅವನು ಸೈಟನ್ನು (ಗುರಿ ನೋಡುವ ಸಾಧನ) ಗುರಿಯ ಮೇಲೆ ಹಿಡಿದಿರಬೇಕು, ಅಷ್ಟು ಹೊತ್ತು ನೀವು ಹೆಲಿಕಾಪ್ಟರನ್ನು ಅತ್ತಿತ್ತ ತಿರುಗಿಸುವಂತಿಲ್ಲ. ಅಲ್ಲೂ ದುಡಿಯುವವರು ನಾವೇ, ಅಲ್ವಾ?

ಹ್ಯೂಯಿಯಲ್ಲಿ ಬೇಸರವಾದರೆ ಆಟೋಪೈಲಟ್‌ಗೆ ಸುತ್ತು ಹಾಕಲು ಬಿಟ್ಟು ನೀವೇ ಬಾಗಿಲಿಗೆ ಹೋಗಿ ಗನ್ ಹಿಡಿಯಬಹುದು, ಮಲ್ಟಿಕ್ರೂನಲ್ಲಿ, ಅಂದರೆ ಒಂದೇ ಹೆಲಿಕಾಪ್ಟರ್‌ನಲ್ಲಿ ಹಲವರು ಆಡುವಾಗ, ಗೆಳೆಯನನ್ನೂ ಕೂರಿಸಬಹುದು. ಗೆಳೆಯ ಸಿಕ್ಕರೆ ಎಐ ಕಡೆ ತಿರುಗಿಯೂ ನೋಡಬೇಡಿ.

ಹೇಳಿದ ಗುರಿಗೇ ಹೊಡೆಯುವವನು ಬೇಕಿದ್ದರೆ ಎಂಐ-24ಪಿ ಕೊಳ್ಳಿ. ಬಾಗಿಲಿಗೆ ತಕ್ಕಂತೆ ಹಾರಿಸುವ ತಾಳ್ಮೆ ಇದ್ದರೆ ಹ್ಯೂಯಿ ಸಾಕು. ಬಿಸಿಲಿನ ಎತ್ತರದ ಜಾಗಕ್ಕೆ ಭಾರ ಹೊತ್ತು ಹೋಗುವಾಗ ಮಾತ್ರ, ತೂಕ ಇಳಿಸಲು, ಗನ್ನರ್‌ಗಳನ್ನು ಕೆಳಗೇ ಬಿಟ್ಟು ಹೋಗಿ.