ಸೀರೀಸೋ, ಪಾಡ್‌ಕಾಸ್ಟೋ, ಪುಸ್ತಕವೋ: ಲೈಂಗಿಕ ತಿಳಿವಳಿಕೆಗೆ ಯಾವುದು ಒದಗುತ್ತದೆ

ಕಾಲೇಜು ಹುಡುಗ ಹುಡುಗಿಯರಿಂದ ಹಿಡಿದು ಮದುವೆಯಾಗಿ ಹತ್ತು ವರ್ಷ ಕಳೆದವರವರೆಗೆ ಎಲ್ಲರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ: ಲೈಂಗಿಕ ವಿಷಯವನ್ನು ನೆಟ್ಟಗೆ ತಿಳಿದುಕೊಳ್ಳಲು ಏನು ನೋಡಬೇಕು, ಏನು ಓದಬೇಕು? ಹೆಸರುಗಳಿಗೇನೂ ಬರವಿಲ್ಲ. ನಾವು ನೋಡಿ, ಕೇಳಿ, ಓದಿ ಹೋಲಿಸುವಾಗ ನಾಲ್ಕು ಪ್ರಶ್ನೆ ಇಟ್ಟುಕೊಂಡೆವು. ದೇಹದ ಭಾಗಗಳನ್ನು ಮುಚ್ಚುಮರೆಯಿಲ್ಲದೆ ಸರಿಯಾಗಿ ಹೇಳುತ್ತದೆಯೇ? ಒಪ್ಪಿಗೆಯ ಮಾತು ಎತ್ತುತ್ತದೆಯೇ? ವೀರ್ಯ ಹೋದರೆ ಶಕ್ತಿಯೇ ಹೋಯಿತು ಎಂಬ ನಮ್ಮ ಕಡೆಯ ಭಯಕ್ಕೆ ಉತ್ತರವಿದೆಯೇ? ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಅದನ್ನು ಮುಗಿಸಿದವರಿಗೆ ಮೈಸೂರಿನ ಮೆಡಿಕಲ್ ಸ್ಟೋರಿನಲ್ಲೋ ಮಂಡ್ಯದ ಸರ್ಕಾರಿ ಆಸ್ಪತ್ರೆಯಲ್ಲೋ ಏನು ಕೇಳಬೇಕೆಂದು ಗೊತ್ತಾಗುತ್ತದೆಯೇ?

ನಾಲ್ಕರಲ್ಲೂ ಪಾಸಾದದ್ದು ಒಂದೂ ಇಲ್ಲ. ಒಂದನ್ನೇ ಆರಿಸಬೇಕಾದರೆ ಪುಸ್ತಕವೇ ಸರಿ. ಮಾತು ಶುರುವಾಗಬೇಕಾದ ಮನೆಯಲ್ಲಿ ಮಾತ್ರ ಸೀರೀಸ್ ಮೊದಲು ಬರಲಿ.

ಸೀರೀಸ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ನೆಟ್‌ಫ್ಲಿಕ್ಸಿನ ‘ಸೆಕ್ಸ್ ಎಜುಕೇಶನ್’. 2019ರಿಂದ 2023ರವರೆಗೆ ನಾಲ್ಕು ಸೀಸನ್, ಒಟ್ಟು 32 ಕಂತು. ಲೈಂಗಿಕ ಚಿಕಿತ್ಸಕಿಯೊಬ್ಬಳ ಮಗ ತನ್ನ ಶಾಲೆಯವರಿಗೆ ಗುಟ್ಟಾಗಿ ಸಲಹೆ ಕೊಡಲು ಶುರುಮಾಡುವ ಕಥೆ. ಒಪ್ಪಿಗೆಯ ವಿಷಯದಲ್ಲಿ ಇದನ್ನು ಮೀರಿಸಿದ್ದು ನಮಗೆ ಸಿಗಲಿಲ್ಲ. ಎರಡನೇ ಸೀಸನ್ನಿನಲ್ಲಿ ಏಮಿ ಎಂಬ ಹುಡುಗಿ ಗೆಳತಿಯ ಹುಟ್ಟುಹಬ್ಬಕ್ಕೆ ಕೇಕ್ ಹಿಡಿದು ತುಂಬಿದ ಬಸ್ಸಿನಲ್ಲಿ ನಿಂತಿರುತ್ತಾಳೆ. ಹಿಂದೆ ನಿಂತ ಅಪರಿಚಿತ ಅವಳ ಮೈಗೆ ಒತ್ತಿ ಹೊಲಸು ಕೆಲಸ ಮಾಡುತ್ತಾನೆ. ಇಳಿದ ಮೇಲೆ ಅವಳಿಗೆ ಅದು ದೊಡ್ಡ ವಿಷಯ ಅನ್ನಿಸುವುದೇ ಇಲ್ಲ, ಚಿಂತೆಯೆಲ್ಲ ಕೇಕಿನದು. ಗೆಳತಿಯೇ ಒತ್ತಾಯ ಮಾಡಿ ಪೊಲೀಸ್ ಠಾಣೆಗೆ ಕರೆದೊಯ್ಯುತ್ತಾಳೆ. ಆಮೇಲೆ ಅವಳಿಗೆ ಬಸ್ ಹತ್ತಲು ಕಾಲೇ ಏಳುವುದಿಲ್ಲ, ನಡೆದೇ ಹೋಗುತ್ತಾಳೆ. ಕೊನೆಗೊಂದು ದಿನ ಉಳಿದ ಹುಡುಗಿಯರೆಲ್ಲ ಸೇರಿ ಅವಳ ಜೊತೆ ಅದೇ ಬಸ್ ಹತ್ತುತ್ತಾರೆ. ಮೈಸೂರು ಮಂಡ್ಯ ನಡುವೆ ದಿನಾ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ ಇದರಲ್ಲಿ ಒಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಿಲ್ಲ. ಮನೆಯ ಗಂಡಸರೂ ಜೊತೆಗೆ ಕೂತು ನೋಡಬೇಕಾದ ಭಾಗ ಇದು.

ಅದರ ತೊಡಕು ಬೇರೆ ಕಡೆ ಇದೆ. ಪಾತ್ರಗಳು ಶಾಲೆಯ ಮಕ್ಕಳು. ಕಥೆ ನಡೆಯುವುದು ಬ್ರಿಟನ್ನಿನಲ್ಲಿ, ಅಲ್ಲಿ ಒಪ್ಪಿಗೆಯ ವಯಸ್ಸು 16, ನಮ್ಮಲ್ಲಿ 18. 2012ರ ಪೋಕ್ಸೊ ಕಾಯ್ದೆಯ ಕಣ್ಣಿಗೆ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇಬ್ಬರೂ ಇಷ್ಟಪಟ್ಟಿದ್ದರೂ ಹುಡುಗನ ಮೇಲೆ ಕೇಸಾಗಬಹುದು. ಪಿಯುಸಿ ಮುಗಿಸಿ ಈಗಷ್ಟೇ 18 ದಾಟಿದವರು ಇದನ್ನು ನೋಡುವುದಾದರೆ ಈ ಮಾತು ಮೊದಲೇ ತಿಳಿದಿರಬೇಕು. ಇನ್ನೊಂದು, ಅಲ್ಲಿನ ಸಲಹೆಗಳು ಕಥೆಗೆ ತಕ್ಕಂತೆ ಒಂದೇ ಕಂತಿನಲ್ಲಿ ಫಲ ಕೊಡುತ್ತವೆ. ಯೋನಿಯ ಸ್ನಾಯು ಬಿಗಿದು ಸಂಭೋಗ ಆಗದೇ ಇರುವ ತೊಂದರೆಯೂ ಈ ಕಥೆಯಲ್ಲಿ ಬರುತ್ತದೆ. ನಿಜದಲ್ಲಿ ಅದಕ್ಕೆ ಸ್ತ್ರೀರೋಗ ತಜ್ಞರ ಸಲಹೆ, ಸ್ನಾಯು ಸಡಿಲಿಸುವ ಅಭ್ಯಾಸ, ಹಲವು ವಾರಗಳ ತಾಳ್ಮೆ ಬೇಕು.

ಇದರ ಎದುರಿಗೆ ಇಡಬೇಕಾದವು ನೆಟ್‌ಫ್ಲಿಕ್ಸಿನವೇ ಎರಡು ಸಾಕ್ಷ್ಯಚಿತ್ರ ಸರಣಿಗಳು. ಅಮೆರಿಕದ ಮಾಧ್ಯಮ ಸಂಸ್ಥೆ ವಾಕ್ಸ್‌ನ ‘ಸೆಕ್ಸ್, ಎಕ್ಸ್‌ಪ್ಲೇನ್ಡ್’ (2020) ಐದು ಸಣ್ಣ ಕಂತು: ಕಲ್ಪನೆಗಳು, ಆಕರ್ಷಣೆ, ಗರ್ಭನಿರೋಧ, ಫಲವತ್ತತೆ, ಹೆರಿಗೆ. ಮಾಹಿತಿ ದಟ್ಟವಾಗಿದೆ, ಮುಜುಗರ ಕಡಿಮೆ. ಮೊದಲು ಫಲವತ್ತತೆಯ ಕಂತು ನೋಡಿ. ಆಗ ಒಂದು ಮಾತು ನಮ್ಮವರಿಗೆ ಜೊತೆಗೇ ಹೇಳಬೇಕು: ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ವರ್ಣತಂತು ತಂದಿತೋ ವೈ ವರ್ಣತಂತು ತಂದಿತೋ ಅನ್ನುವುದರ ಮೇಲೆ ನಿಂತಿದೆ, ತಾಯಿಯ ಕೈಯಲ್ಲಿಲ್ಲ. ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತೆಂದು 2023ರಲ್ಲಿ ಬಯಲಾದ ಮೇಲೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

‘ದಿ ಪ್ರಿನ್ಸಿಪಲ್ಸ್ ಆಫ್ ಪ್ಲೆಷರ್’ (2022) ಮೂರೇ ಕಂತು: ದೇಹ, ಮನಸ್ಸು, ಸಂಬಂಧ. ಹೆಣ್ಣಿನ ದೇಹರಚನೆಗೆ ಈ ಮೂರು ಸರಣಿಗಳಲ್ಲಿ ಇದೇ ಮೇಲು. ಭಗಾಂಕುರ (ಕ್ಲಿಟೊರಿಸ್) ಅಂದರೆ ಹೊರಗೆ ಕಾಣುವ ಕಡಲೆಕಾಳಿನಷ್ಟು ತುದಿ ಮಾತ್ರ ಅಲ್ಲ, ಅದರ ಬಹುಪಾಲು ಒಳಗಿದ್ದು ಯೋನಿಯ ಎರಡೂ ಬದಿ ಕವಲೊಡೆದಿದೆ. ಬರೀ ಸಂಭೋಗದಿಂದ ಅನೇಕ ಹೆಂಗಸರಿಗೆ ತೃಪ್ತಿಯಾಗುವುದಿಲ್ಲ ಯಾಕೆ ಎಂಬುದು ಇಷ್ಟು ತಿಳಿದರೇ ಅರ್ಧ ಅರ್ಥವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಕೂತು ನೋಡುವುದಾದರೆ ನಮ್ಮ ಆಯ್ಕೆ ಇದು.

ಮನೆಯವರೆಲ್ಲ ಒಂದೇ ನೆಟ್‌ಫ್ಲಿಕ್ಸ್ ಖಾತೆ ಬಳಸುವ ಕಡೆ ಇದಕ್ಕೆ ಬೇರೆ ಪ್ರೊಫೈಲ್ ತೆರೆದು ನಾಲ್ಕಂಕಿಯ ಪಿನ್ ಹಾಕಿ. ಈಗಾಗಲೇ ನೋಡಿದ್ದರೆ ಬ್ರೌಸರಿನಲ್ಲಿ ಖಾತೆ ತೆರೆದು, ನೋಡಿದ್ದರ ಪಟ್ಟಿಗೆ ಹೋಗಿ ಅದನ್ನು ಮರೆಮಾಡಿ. ಎಲ್ಲ ಸಾಧನಗಳಿಂದ ಅಳಿಸಿಹೋಗಲು ಒಂದು ದಿನದವರೆಗೆ ಹಿಡಿಯಬಹುದು.

ಪಾಡ್‌ಕಾಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾಂಪತ್ಯ ಚಿಕಿತ್ಸಕಿ ಎಸ್ತರ್ ಪೆರೆಲ್ ಅವರ ‘ವೇರ್ ಶುಡ್ ವಿ ಬಿಗಿನ್?’ 2017ರಲ್ಲಿ ಶುರುವಾಯಿತು. ನಿಜವಾದ ಜೋಡಿಗಳು ಹೆಸರು ಮರೆಸಿಕೊಂಡು ಅವರ ಮುಂದೆ ಮಾತಾಡುತ್ತಾರೆ. ಒಂದು ಕಂತು ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುವಷ್ಟರಲ್ಲಿ ಮುಗಿಯುತ್ತದೆ. ದಾಂಪತ್ಯದಲ್ಲಿ ಆಸೆ ಬತ್ತಿದವರಿಗೆ, ಮೋಸ ಆಗಿಹೋದ ಮೇಲೂ ಜೊತೆಗಿರಬೇಕೆಂದವರಿಗೆ ಇದು ಒಳ್ಳೆಯದು. ಅಮೆರಿಕದ ಅಂಕಣಕಾರ ಡಾನ್ ಸ್ಯಾವೇಜ್ ಅವರ ‘ಸ್ಯಾವೇಜ್ ಲವ್‌ಕಾಸ್ಟ್’ 2006ರಿಂದ ಬರುತ್ತಿದೆ, ಕೇಳುಗರು ಫೋನ್ ಮಾಡಿ ಪ್ರಶ್ನೆ ಹಾಕುತ್ತಾರೆ. ನೇರ ಮಾತು, ಅಂಜಿಕೆಯಿಲ್ಲ, ಆದರೆ ಅಮೆರಿಕದ ರಾಜಕೀಯ ಬಹಳ. ಎರಡರಲ್ಲಿ ಪೆರೆಲ್ ಅವರನ್ನೇ ಕೇಳಿ. ದೇಹರಚನೆಗಾಗಲಿ ಗರ್ಭನಿರೋಧಕ್ಕಾಗಲಿ ಎರಡೂ ಒದಗುವುದಿಲ್ಲ.

ಪುಸ್ತಕಗಳಿಗೆ ಬಂದರೆ, ಎಮಿಲಿ ನಾಗೋಸ್ಕಿ ಅವರ ‘ಕಮ್ ಆ್ಯಸ್ ಯು ಆರ್’ (2015, ಪರಿಷ್ಕೃತ ಮುದ್ರಣ 2021) ಎಲ್ಲಕ್ಕಿಂತ ಮುಂದಿದೆ. ಒಂಬತ್ತು ಅಧ್ಯಾಯಗಳಿವೆ. ಪುರುಸೊತ್ತಿಲ್ಲದವರು ಎರಡು, ಮೂರು, ಆರು, ಏಳು ಮೊದಲು ಓದಿ. ಅಮೆರಿಕದ ಲೈಂಗಿಕ ಸಂಶೋಧನಾ ಕೇಂದ್ರವಾದ ಕಿನ್ಸೆ ಸಂಸ್ಥೆಯ ಎರಿಕ್ ಯಾನ್ಸೆನ್ ಮತ್ತು ಜಾನ್ ಬ್ಯಾಂಕ್ರಾಫ್ಟ್ ಅವರ ಸಿದ್ಧಾಂತ ಇದರ ಬೆನ್ನೆಲುಬು: ಕಾಮಕ್ಕೆ ಒಂದು ಆಕ್ಸಿಲರೇಟರ್ ಇದೆ, ಒಂದು ಬ್ರೇಕ್ ಇದೆ. ಆಸೆ ಬರುತ್ತಿಲ್ಲವೆಂದರೆ ಬಹುತೇಕರು ಆಕ್ಸಿಲರೇಟರ್ ತುಳಿಯಲು ಹೋಗುತ್ತಾರೆ, ಬ್ರೇಕ್ ಮೇಲೆ ಕಾಲು ಇದ್ದಂತೆಯೇ ಇರುತ್ತದೆ. ಓದಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಗಂಡ ಹೆಂಡತಿ ಬೇರೆಬೇರೆಯಾಗಿ ತಮ್ಮ ಬ್ರೇಕುಗಳನ್ನು ಬರೆಯಿರಿ. ನಮ್ಮ ಕಡೆಯ ಪಟ್ಟಿಯಲ್ಲಿ ಬರುವವು ಇಂಥವು: ಪಕ್ಕದ ಕೋಣೆಯಲ್ಲಿ ಅತ್ತೆ ಮಾವ, ಚಿಲಕ ಸರಿಯಾಗಿ ಬೀಳದ ಬಾಗಿಲು, ನಡುವೆ ಮಲಗಿದ ಮಗು, ಮತ್ತೆ ಬಸುರಾದರೆ ಎಂಬ ಹೆದರಿಕೆ, ಬೆಳಿಗ್ಗೆ ಐದಕ್ಕೆ ಏಳಬೇಕಾದ ದಣಿವು. ಚಿಲಕ ಹಾಕಿಸುವುದು, ಗರ್ಭನಿರೋಧಕ ನಿಶ್ಚಯ ಮಾಡಿಕೊಳ್ಳುವುದು, ಇವೆರಡು ಆ ವಾರವೇ ಆಗುವ ಕೆಲಸ. ಆರನೇ ಅಧ್ಯಾಯ ಹೇಳುವುದನ್ನು ಪ್ರತಿ ಗಂಡಸೂ ತಿಳಿಯಬೇಕು: ದೇಹ ಒದ್ದೆಯಾಯಿತು ಅಂದಮಾತ್ರಕ್ಕೆ ಮನಸ್ಸು ಒಪ್ಪಿತು ಅಂತಲ್ಲ, ಒದ್ದೆಯಾಗಲಿಲ್ಲ ಅಂದರೆ ಇಷ್ಟವಿಲ್ಲ ಅಂತಲೂ ಅಲ್ಲ. ಕೇಳಿಯೇ ತಿಳಿಯಬೇಕು.

ಕನ್ನಡದಲ್ಲಿ ಇದರ ಪಕ್ಕ ನಿಲ್ಲುವುದು ಡಾ. ಅನುಪಮಾ ನಿರಂಜನ ಅವರ ಬರವಣಿಗೆ. ಕಿಶೋರಿಯರಿಗೆ ‘ಕೇಳು ಕಿಶೋರಿ’, ದಂಪತಿಗಳಿಗೆ ‘ದಾಂಪತ್ಯ ದೀಪಿಕೆ’. ಸ್ವತಃ ವೈದ್ಯೆ, ಜೊತೆಗೆ ಕಾದಂಬರಿಗಾರ್ತಿ. ಹಾಗಾಗಿ ಕನ್ನಡ ತಡವರಿಸುವುದಿಲ್ಲ. ಅಮ್ಮ ಮಗಳ ಕೈಗೆ ಕೊಡಲು ಇವತ್ತಿಗೂ ಅಳುಕಬೇಕಾಗಿಲ್ಲ. ಆದರೆ ಅವರು ತೀರಿಕೊಂಡದ್ದು 1991ರಲ್ಲಿ. ಇಂದಿನ ತುರ್ತು ಗರ್ಭನಿರೋಧಕ ಗುಳಿಗೆ, ಇಂದಿನ ಎಚ್‌ಐವಿ ಚಿಕಿತ್ಸೆ, ಗರ್ಭಪಾತ ಕಾಯ್ದೆಗೆ 2021ರಲ್ಲಾದ ತಿದ್ದುಪಡಿ ಯಾವುದೂ ಅವುಗಳಲ್ಲಿ ಇರಲು ಸಾಧ್ಯವಿಲ್ಲ. ಭಾಷೆಗೆ, ಧೈರ್ಯಕ್ಕೆ ಅನುಪಮಾ ಅವರನ್ನು ಓದಿ. ಔಷಧದ ಲೆಕ್ಕಕ್ಕೆ ಡಾ. ತನಯಾ ನರೇಂದ್ರ ಅವರ ‘ಡಾ. ಕ್ಯೂಟರಸ್’ (2022) ಜೊತೆಗಿರಲಿ, ಇಂಗ್ಲಿಷ್ ಸರಳವಾಗಿದೆ. ಇನ್ನೂ ಚಿಕ್ಕವರಿಗೆ, ಅಂದರೆ 10ರಿಂದ 14ರವರಿಗೆ, ದಿಲ್ಲಿಯ ತಾರ್ಶಿ ಸಂಸ್ಥೆಯ ‘ರೆಡ್ ಬುಕ್’, 15 ದಾಟಿದವರಿಗೆ ಅವರದೇ ‘ಬ್ಲೂ ಬುಕ್’. ಮುಟ್ಟಿನ ವಿಷಯಕ್ಕಷ್ಟೇ ಆದರೆ ‘ಮೆನ್‌ಸ್ಟ್ರುಪೀಡಿಯಾ’ ಚಿತ್ರಕಥೆ ಸಾಕು.

ವೀರ್ಯದ ಭಯದ ಮೂರನೇ ಪ್ರಶ್ನೆ ಎತ್ತಿದರೆ ವಿದೇಶದವು ಅಷ್ಟೂ ಮೌನ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ’ದ ಪೋಸ್ಟರ್ ಓದಿ ಹೆದರಿದ ಹುಡುಗನಿಗೆ ಬೇಕಾದ ಉತ್ತರ ಡಾ. ಮಹಿಂದರ್ ವತ್ಸ ಅವರಲ್ಲಿದೆ. 2005ರಿಂದ ಮುಂಬೈ ಮಿರರ್ ಪತ್ರಿಕೆಯಲ್ಲಿ ದಿನಾ ಓದುಗರ ಪ್ರಶ್ನೆಗೆ ಉತ್ತರಿಸುತ್ತಿದ್ದ ಅವರು 2020ರ ಡಿಸೆಂಬರಿನಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು. ‘ಇಟ್ಸ್ ನಾರ್ಮಲ್!’ (2015) ಆ ಪ್ರಶ್ನೋತ್ತರಗಳ ಪುಸ್ತಕ. ಸಾರ ಇಷ್ಟು: ವೀರ್ಯ ದೇಹದಲ್ಲಿ ಸದಾ ತಯಾರಾಗುತ್ತಲೇ ಇರುತ್ತದೆ, ಸ್ವಪ್ನಸ್ಖಲನ ರೋಗವಲ್ಲ, ಹಸ್ತಮೈಥುನದಿಂದ ನರ ಸೋಲುವುದಿಲ್ಲ. ಈ ಭಯಕ್ಕೆ ‘ಧಾತ್ ಸಿಂಡ್ರೋಮ್’ ಎಂದು 1960ರಲ್ಲೇ ಹೆಸರಿಟ್ಟವರು ಮನೋವೈದ್ಯ ಎನ್.ಎನ್. ವಿಗ್. ಅಂದರೆ ಚಿಕಿತ್ಸೆ ಬೇಕಾದದ್ದು ಭಯಕ್ಕೆ. ಮೂತ್ರದಲ್ಲಿ ಉರಿ, ಕೀವು, ಹುಣ್ಣು ಇದ್ದರೆ ಅದು ಸೋಂಕಿರಬಹುದು, ಚರ್ಮ ಮತ್ತು ಗುಹ್ಯರೋಗ ವಿಭಾಗಕ್ಕೆ ಹೋಗಬೇಕು. ಯೂಟ್ಯೂಬಿನ ಕನ್ನಡ ವಿಡಿಯೊಗಳನ್ನು ಆರಿಸುವಾಗಲೂ ಇದನ್ನೇ ಮಾನದಂಡ ಮಾಡಿಕೊಳ್ಳಿ. ವೀರ್ಯ ನಷ್ಟದ ಭಯ ಹುಟ್ಟಿಸಿ ಪುಡಿಯನ್ನೋ ಲೇಹ್ಯವನ್ನೋ ಮಾರುವ ವಿಡಿಯೊ ಅಲ್ಲಿಗೇ ನಿಲ್ಲಿಸಿ.

ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಏನು ಕೇಳಬೇಕೆಂಬ ನಾಲ್ಕನೇ ಪ್ರಶ್ನೆಗೆ ಒಳ್ಳೆಯ ಪುಸ್ತಕಗಳೂ ಅರೆಬರೆ ಉತ್ತರ ಕೊಡುತ್ತವೆ, ಹಾಗಾಗಿ ಬಿಟ್ಟುಹೋದದ್ದನ್ನು ಇಲ್ಲೇ ಸೇರಿಸುತ್ತೇವೆ. ಲೇಟೆಕ್ಸ್ ಕಾಂಡೋಮಿಗೆ ಕೊಬ್ಬರಿ ಎಣ್ಣೆ ಸೋಕಿಸಬಾರದು. ಎಣ್ಣೆ ತಾಗಿದ ಕೆಲವೇ ನಿಮಿಷಗಳಲ್ಲಿ ಲೇಟೆಕ್ಸ್ ಬಲ ಕಳೆದುಕೊಂಡು ಹರಿಯಬಹುದು. ನೀರಿನಾಧಾರಿತ ಜೆಲ್ ಕೇಳಿ. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ, ಎರಡು ಒಟ್ಟಿಗೆ ಹಾಕುವುದೂ ಬೇಡ, ತಿಕ್ಕಾಟಕ್ಕೆ ಎರಡೂ ಹರಿಯಬಹುದು. ತುರ್ತು ಗುಳಿಗೆ ಅಂದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, ಒಂದೇ ಗುಳಿಗೆ, ಸಂಭೋಗವಾದ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಕೊಳ್ಳಿ. ಇದು ಗರ್ಭಪಾತದ ಗುಳಿಗೆಯಲ್ಲ, ಆಗಲೇ ನಿಂತ ಗರ್ಭಕ್ಕೆ ಏನೂ ಮಾಡುವುದಿಲ್ಲ. ಗರ್ಭಪಾತದ ಗುಳಿಗೆ ವೈದ್ಯರ ಚೀಟಿಯಿಲ್ಲದೆ ಬೇಡವೇ ಬೇಡ. ಮದುವೆಯಾಗದವರಿಗೂ ಆ ಸೇವೆ ಪಡೆಯುವ ಹಕ್ಕಿದೆ.

ಎರಡು ಗರ್ಭನಿರೋಧಕಗಳು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ‘ಛಾಯಾ’ ಲಕ್ನೋದಲ್ಲಿ ರೂಪುಗೊಂಡ, ಹಾರ್ಮೋನ್ ಇಲ್ಲದ ಗುಳಿಗೆ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ‘ಅಂತರಾ’ ಮೂರು ತಿಂಗಳಿಗೊಂದು ಚುಚ್ಚುಮದ್ದು. ಎರಡರಲ್ಲೂ ಮುಟ್ಟು ಏರುಪೇರಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಅರ್ಧಕ್ಕೇ ಬಿಡುತ್ತಾರೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ.

ಇನ್ನು ಗಂಡು ಹೆಣ್ಣೆಂಬ ಜೋಡಿಯ ಆಚೆಗಿನ ಬದುಕಿಗೆ ಕನ್ನಡವೇ ಮುಂದು, ಇಲ್ಲಿ ಹೊರಗಿನದರ ಹಂಗಿಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಸಲಿಂಗಿ ಯುವಕನ ಕಥೆಗಳು. ಹಿಜ್ರಾ ಸಮುದಾಯದ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಕನ್ನಡದಲ್ಲಿ ‘ಬದುಕು ಬಯಲು’. ಸಿನಿಮಾ ಬೇಕೆಂದವರಿಗೆ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಮೂರರಲ್ಲಿ ಮೊದಲು ‘ಬದುಕು ಬಯಲು’ ಓದಿ, ಮನೆಯವರು ಮಗುವನ್ನು ಹೇಗೆ ಹೊರದಬ್ಬುತ್ತಾರೆ ಎಂಬುದು ಅದರಲ್ಲಿರುವಷ್ಟು ನೇರವಾಗಿ ಇನ್ನೆಲ್ಲೂ ಇಲ್ಲ. ‘ಮೋಹನಸ್ವಾಮಿ’ ಓದುವಾಗ ಅದು ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿಗೆ ಮುಂಚಿನದು ಎಂಬುದು ಗಮನದಲ್ಲಿರಲಿ. ಎಚ್‌ಐವಿ ಪರೀಕ್ಷೆಯ ಬಗ್ಗೆ ಕೇಳಬೇಕಾದವರಿಗೆ 1097 ಉಚಿತ ಸಹಾಯವಾಣಿ.