ಸುಕ್ಕಾಗದ ಹತ್ತಿ ಬಟ್ಟೆ: ಒಂದು ಪಾಪ್ಲಿನ್, ಮೂರು ಕೆಮಿಕಲ್

ಕಾಲೇಜಿನ ಪ್ರಾಜೆಕ್ಟಿಗೆ ಒಂದೇ ಬಿಳಿ ಪಾಪ್ಲಿನ್ ಮೇಲೆ ಮೂರು ಕೆಮಿಕಲ್ ಹಾಕಿ ನೋಡಿದ್ದೆ. ಮಿಲ್‌ಗಳಲ್ಲಿ ಸುಕ್ಕು ತಡೆಯಲು ಹಾಕುವ ಡಿಎಂಡಿಎಚ್‌ಇಯು ಅನ್ನೋ ರೆಸಿನ್, ಬಿಟಿಸಿಎ (ಬ್ಯೂಟೇನ್ ಟೆಟ್ರಾಕಾರ್ಬಾಕ್ಸಿಲಿಕ್ ಆಸಿಡ್), ಮತ್ತೆ ಸಿಟ್ರಿಕ್ ಆಸಿಡ್. ಹೌದು, ಶರಬತ್ತಿಗೆ ಹಾಕುವ ಅದೇ ನಿಂಬೆ ಉಪ್ಪು.

ಮೂರರ ಕೆಲಸವೂ ಒಂದೇ. ಹತ್ತಿಯ ಸೆಲ್ಯುಲೋಸ್ ಸರಪಳಿಗಳು ಬೆವರು, ನೀರು ತಾಗಿದರೆ ಜಾರಿ, ಮಡಿಚಿದ ಜಾಗದಲ್ಲೇ ಕೂತುಬಿಡುತ್ತವೆ. ಅವು ಜಾರದಂತೆ ಒಂದಕ್ಕೊಂದು ಕಟ್ಟಿಹಾಕಬೇಕು, ಅಷ್ಟೇ.

ರೆಸಿನ್ ಸುಲಭ. ಕ್ರಿಯೆ ಚುರುಕಾಗಲು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿ ಅದ್ದು, ಹಿಂಡು, ಒಣಗಿಸು, ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯೂರ್ ಮಾಡು, ಅಂದ್ರೆ ಬಿಸಿಗೆ ಗಟ್ಟಿ ಕೂರಿಸು. ಮಡಿಚಿ ಬಿಟ್ಟ ಬಟ್ಟೆ ಎಷ್ಟು ಬಿಚ್ಚಿಕೊಳ್ಳುತ್ತೆ ಅನ್ನೋದೇ ಕ್ರೀಸ್ ರಿಕವರಿ ಕೋನ, ಜಾಸ್ತಿ ಇದ್ದಷ್ಟೂ ಸುಕ್ಕು ಕಮ್ಮಿ. ಕೆಮಿಕಲ್ ಹಾಕದೆ ಹಾಗೇ ಬಿಟ್ಟ ಬಟ್ಟೆಯಲ್ಲಿ ಅದು ಹಾಸು (ಉದ್ದದ ನೂಲು), ಹೊಕ್ಕು (ಅಡ್ಡ ನೂಲು) ಎರಡೂ ಸೇರಿ 160 ಡಿಗ್ರಿಯ ಆಸುಪಾಸಿತ್ತು, ರೆಸಿನ್ ಹಾಕಿದ್ದು 250 ದಾಟಿತು. ಬಿಳುಪೂ ಕೆಡಲಿಲ್ಲ. ಆದರೆ ಓವನ್ ಬಾಗಿಲು ತೆಗೆದ ಕೂಡಲೇ ಕಣ್ಣಲ್ಲಿ ನೀರು. ರೆಸಿನ್ ಬಿಡುವ ಘಾಟು ಅನಿಲ, ಫಾರ್ಮಾಲ್ಡಿಹೈಡ್! 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಕ್ಯಾನ್ಸರ್‌ಕಾರಕ ಅಂತ ಹೇಳಿದ್ದು ಇದನ್ನೇ. ಮೈಗೆ ತಾಗುವ ಬಟ್ಟೆಗೆ ಓಕೋಟೆಕ್ಸ್ (ಬಟ್ಟೆಯಲ್ಲಿ ಹಾನಿಕರ ಕೆಮಿಕಲ್ ಇದೆಯಾ ಅಂತ ನೋಡಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಇಟ್ಟಿರುವ ಮಿತಿ 75 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 75 ಭಾಗ, ಅದಕ್ಕೇ ಮಿಲ್‌ಗಳು ಈಗ ಫಾರ್ಮಾಲ್ಡಿಹೈಡ್ ಕಮ್ಮಿ ಬಿಡುವ ರೆಸಿನ್ ಹುಡುಕುತ್ತವೆ.

ಬಿಟಿಸಿಎಗೆ ಆ ಕಾಟ ಇಲ್ಲ. ಕ್ರಿಯೆ ಚುರುಕಾಗಲು ಸೋಡಿಯಂ ಹೈಪೋಫಾಸ್ಫೈಟ್, ಜೊತೆಗೆ 180 ಡಿಗ್ರಿ ಬಿಸಿ ಬೇಕು. ಕೋನ ರೆಸಿನ್ನಿಗೆ ಹತ್ತಿರ ಬಂತು, ಬಟ್ಟೆ ಬೆಳ್ಳಗೇ ಉಳಿಯಿತು. ರೇಟ್ ಕೇಳಿದರೆ ಮಾತ್ರ ತಲೆ ತಿರುಗುತ್ತೆ. ಬಣ್ಣದ ಬಟ್ಟೆಗೆ ಹಾಕುವ ಮುಂಚೆ ಒಂದು ತುಂಡು ಪರೀಕ್ಷೆ ಮಾಡಿ, ಆ ಹೈಪೋಫಾಸ್ಫೈಟ್ ಕೆಲವು ಸಲ್ಫರ್, ರಿಯಾಕ್ಟಿವ್ ಬಣ್ಣಗಳ ಶೇಡ್ ಬದಲಿಸುತ್ತದೆ.

ಸಿಟ್ರಿಕ್ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ಅಗ್ಗ, ವಿಷ ಅಲ್ಲ. ಓವನ್‌ನಿಂದ ತೆಗೆದರೆ ಹಾಲಿನ ಕೆನೆ ಬಣ್ಣ! ಬಿಸಿಗೆ ಆಸಿಡ್ ನೀರು ಬಿಟ್ಟು ಅಕೊನಿಟಿಕ್ ಆಸಿಡ್ ಆಗುತ್ತಲ್ವಾ, ಹಳದಿ ಅದರದ್ದು. ಕೋನವೂ ಸ್ವಲ್ಪ ಹಿಂದೆಯೇ.

ಕೋನ ನೋಡಿ ಹಿಗ್ಗಬೇಡಿ, ಕೈಯಲ್ಲಿ ಹರಿದು ನೋಡಿ. ಅಂಚಿಗೆ ಕತ್ತರಿಯಲ್ಲಿ ಒಂದು ಕಚ್ಚು ಹಾಕಿ ಎಳೆದರೆ ಮೂರೂ ಟರ್ರ್ ಅಂತ ಹರಿದವು, ಹಾಗೇ ಬಿಟ್ಟ ಬಟ್ಟೆಗೆ ಮಾತ್ರ ಜೋರು ಹಾಕಬೇಕಾಯಿತು. ಸರಪಳಿ ಕಟ್ಟಿಹಾಕಿದರೆ ನಾರು ಬಾಗಲ್ಲ, ಮುರಿಯುತ್ತದೆ. ಆಸಿಡ್ ಬೇರೆ ಅದನ್ನು ಒಳಗೇ ತಿಂದಿರುತ್ತದೆ. ಸಿಲಿಕೋನ್ ಸಾಫ್ಟನರ್ ಸೇರಿಸಿದ ಮೇಲೆ ಸ್ವಲ್ಪ ಸುಧಾರಿಸಿತು.

ಕೊನೆಗೆ ಮೂರೂ ತುಂಡು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ ದಾವಣಗೆರೆಯಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಹೋದೆ. ಇಳಿದು ಕೊಡವಿದರೆ ರೆಸಿನ್, ಬಿಟಿಸಿಎ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬಿಳಿ ಅಂಗಿಗಾದರೆ ನಾನು ಫಾರ್ಮಾಲ್ಡಿಹೈಡ್ ಕಮ್ಮಿ ಇರುವ ರೆಸಿನ್, ಜೊತೆಗೆ ಸಾಫ್ಟನರ್ ಹಾಕುತ್ತೇನೆ. ಸಿಟ್ರಿಕ್ ಏನಿದ್ದರೂ ಖಾಕಿ ಪ್ಯಾಂಟಿಗೆ.