ಇ20 ಪೆಟ್ರೋಲ್: ಇಂಜಿನ್‌ಗೆ ಮೂರು ಸ್ಟಾರ್, ಹೊಲದ ಲೆಕ್ಕ ಬೇರೆ

ಪಿ.ಬಿ. ರಸ್ತೆಯ ಬಂಕ್ ಆಗಲಿ, ಹರಿಹರದ ಕಡೆಯ ಹೈವೇ ಬಂಕ್ ಆಗಲಿ, ದಾವಣಗೆರೆಯಲ್ಲಿ ಈಗ ಸಾದಾ ಪೆಟ್ರೋಲ್ ಅಂದರೆ ಇ20 ಅಂತಲೇ ಅರ್ಥ. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್, ಅಂದರೆ ಬೆಳೆಯಿಂದ ಬಟ್ಟಿ ಇಳಿಸಿದ ಮದ್ಯಸಾರ. ಬೇಕೋ ಬೇಡವೋ ಅಂತ ಯಾರೂ ಕೇಳುವುದಿಲ್ಲ. ಎಥನಾಲ್ ಇಲ್ಲದ ಪೆಟ್ರೋಲೂ ಸಿಗುವಂತಾಗಲಿ ಎಂದು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಿದ್ದಮೇಲೆ ವಿಮರ್ಶೆ ಯಾಕೆ? ಕೊಳ್ಳುವುದು ನಮ್ಮ ಕೈಲಿ ಇಲ್ಲದಿದ್ದರೂ ಬಳಸುವ ಬಗೆ ನಮ್ಮ ಕೈಲಿದೆ. ಅದೂ ಅಲ್ಲದೆ ಇದರಲ್ಲಿರುವ ಎಥನಾಲಿನ ಒಂದು ಮುಖ್ಯ ಕಚ್ಚಾಮಾಲು ಎಲ್ಲಿಂದಲೋ ಹಡಗಿನಲ್ಲಿ ಬರುವುದಲ್ಲ, ಜಗಳೂರು, ಹರಿಹರ, ಹೊನ್ನಾಳಿ ಕಡೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳ.

ಮೊದಲೇ ಹೇಳಿಬಿಡೋಣ. ಇಂಧನವಾಗಿ ಐದಕ್ಕೆ ಮೂರು. ಬೆಲೆಗೆ ಒಂದೂವರೆ. ಪರಿಸರಕ್ಕೆ ಎಷ್ಟು ಅನ್ನುವುದು ಬಂಕಿನಲ್ಲಿ ತೀರ್ಮಾನವಾಗುವ ವಿಷಯವೇ ಅಲ್ಲ. ಒಂದೇ ನಳಿಕೆಯಿಂದ ಬೀಳುವ ಪೆಟ್ರೋಲಿಗೆ ಒಂದು ಸ್ಟಾರೂ ಕೊಡಬಹುದು, ನಾಲ್ಕೂ ಕೊಡಬಹುದು.

ಟ್ಯಾಂಕಿಗೆ ಬಿದ್ದದ್ದು ಏನು ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ 100 ಮಿಲಿಯ ಗಾಜಿನ ಅಳತೆ ಕೊಳವೆ ಸಿಗುತ್ತದೆ. ಅದಕ್ಕೆ ಮೊದಲು 10 ಮಿಲಿ ನೀರು ಹಾಕಿ. ನೀರಿಗೆ ಒಂದು ಹನಿ ನೀಲಿ ಇಂಕು ಬಿಟ್ಟರೆ ಗೆರೆ ಚೆನ್ನಾಗಿ ಕಾಣುತ್ತದೆ. ಮೇಲೆ 100ರ ಗೆರೆಯವರೆಗೆ ಪೆಟ್ರೋಲ್, ಅಂದರೆ 90 ಮಿಲಿ. ಬಾಯಿ ಮುಚ್ಚಿ ಒಂದು ನಿಮಿಷ ಕುಲುಕಿ, ಹತ್ತು ನಿಮಿಷ ಅಲುಗಾಡಿಸದೆ ಇಡಿ. ಎಥನಾಲ್‌ಗೆ ಪೆಟ್ರೋಲಿಗಿಂತ ನೀರಿನ ಮೇಲೆ ಮೋಹ ಜಾಸ್ತಿ. ಅದು ಪೆಟ್ರೋಲ್ ಬಿಟ್ಟು ಕೆಳಗಿನ ನೀರಿಗೆ ಇಳಿಯುತ್ತದೆ, 10ರಲ್ಲಿದ್ದ ನೀಲಿ ಗೆರೆ ಮೇಲೇರುತ್ತದೆ. ಗೆರೆ 28ರ ಆಸುಪಾಸು ನಿಂತರೆ 90 ಮಿಲಿಯಲ್ಲಿ 18 ಮಿಲಿ ಎಥನಾಲ್ ಇದೆ, ಲೆಕ್ಕ ಇಪ್ಪತ್ತು ಪರ್ಸೆಂಟಿಗೆ ಸರಿಹೋಯಿತು. ಒಂದೆರಡು ಮಿಲಿ ಆಚೀಚೆ ಆಗುವುದು ಸಹಜ, ಅದಕ್ಕೆ ಬಂಕಿನವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆದರೆ ನೀರು ಹಾಕುವ ಮೊದಲೇ ತಳದಲ್ಲಿ ಬೇರೆ ಪದರ ಕಂಡರೆ ಸುಮ್ಮನಿರಬೇಡಿ, ಆ ಪೆಟ್ರೋಲಿಗೆ ಆಗಲೇ ನೀರು ಸೇರಿದೆ. ಪರೀಕ್ಷೆ ಮಾಡಿದ ಪೆಟ್ರೋಲನ್ನು ವಾಪಸ್ ಟ್ಯಾಂಕಿಗೆ ಸುರಿಯಬಾರದು. ಬೀಡಿ, ಸಿಗರೇಟು, ಒಲೆ ಹತ್ತಿರ ಇರಕೂಡದು.

ಈ ನೀರಿನ ಮೋಹವೇ ಇ20ಯ ದೊಡ್ಡ ದೋಷ. ಹಳೇ ಪೆಟ್ರೋಲಿನಲ್ಲಿ ನೀರು ತಳಕ್ಕೆ ಹೋಗಿ ಹನಿಯಾಗಿ ಕೂರುತ್ತಿತ್ತು. ಇ20 ಸ್ವಲ್ಪ ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ತಾಳಿಕೆ ಮೀರಿದಾಗ ಮಾತ್ರ ನೀರೂ ಎಥನಾಲೂ ಜೊತೆಯಾಗಿ ಒಮ್ಮೆಲೇ ಕೆಳಗೆ ಇಳಿಯುತ್ತವೆ. ಇಂಜಿನ್ ಪೆಟ್ರೋಲ್ ಎಳೆಯುವುದು ಟ್ಯಾಂಕಿನ ತಳದಿಂದ, ಆದ್ದರಿಂದ ಗಾಡಿ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಮೇಲೆ ಉಳಿದ ಪೆಟ್ರೋಲಿನಲ್ಲೂ ಎಥನಾಲ್ ಹೋಗಿರುವುದರಿಂದ ಆಕ್ಟೇನ್ (ಇಂಜಿನ್ ಬಡಿಯದಂತೆ ತಡೆಯುವ ಗುಣ) ಇಳಿದಿರುತ್ತದೆ. ಮಳೆಗಾಲದಲ್ಲಿ ಬೈಕಿನ ಟ್ಯಾಂಕಿಗೆ ನೀರು ಹೋಗುವುದು ಬಹುತೇಕ ಮುಚ್ಚಳದ ಕಡೆಯಿಂದ. ಮುಚ್ಚಳದ ಸುತ್ತ ಬಿದ್ದ ನೀರು ಹೊರಹೋಗಲು ಒಂದು ಸಣ್ಣ ತೂತು ಇರುತ್ತದೆ, ಅದು ಮಣ್ಣಿನಿಂದ ಕಟ್ಟಿಕೊಂಡರೆ ನೀರು ಒಳಗೇ ಜಿನುಗುತ್ತದೆ. ಒಂದು ತಂತಿ ಹಾಕಿ ಚುಚ್ಚಿದರೆ ಮುಗಿಯಿತು, ಖರ್ಚು ಸೊನ್ನೆ.

ಮೈಲೇಜ್ ಬಗ್ಗೆ ಚಹಾದಂಗಡಿಯಲ್ಲಿ ಕೇಳಿಬರುವ ಅರ್ಧಕ್ಕರ್ಧ ಇಳಿಯಿತು ಅನ್ನುವ ಮಾತು ಸುಳ್ಳು. ಏನೂ ಇಳಿಯುವುದಿಲ್ಲ ಅನ್ನುವುದೂ ಸುಳ್ಳೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ 21. ಬೆರೆಸಿ ಲೆಕ್ಕ ಹಾಕಿದರೆ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6ರಿಂದ 7, ಮುಂಚೆ ಸಿಗುತ್ತಿದ್ದ ಇ10ಗಿಂತ ಶೇ 3.5ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೇ ಮಾದರಿಯ ಕಾರುಗಳಿಗೆ ಶೇ 6-7, ದ್ವಿಚಕ್ರ ವಾಹನಗಳಿಗೆ ಶೇ 3-4, ಇ20ಗೆಂದೇ ಹೊಂದಿಸಿದ ಕಾರುಗಳಿಗೆ ಶೇ 1-2 ಇಳಿಕೆ ಅಂದಾಜು ಮಾಡಿತ್ತು. ಇ10ರಲ್ಲಿ 60 ಕೊಡುತ್ತಿದ್ದ ಬೈಕು 58 ಕೊಟ್ಟರೆ ಅದು ಪೆಟ್ರೋಲಿನ ಗುಣ. 50ಕ್ಕೆ ಬಿದ್ದರೆ ಗಾಡಿಯಲ್ಲೇ ಏನೋ ಇದೆ, ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ.

ಬೆಲೆಗೆ ಒಂದೂವರೆ ಕೊಟ್ಟದ್ದು ಇದಕ್ಕೇ. ಶಕ್ತಿ ಕಡಿಮೆ ಇರುವ ಇಂಧನದ ಬೆಲೆಯೂ ಕಡಿಮೆ ಇರಬೇಕು ಎಂದು ಅದೇ ವರದಿಯಲ್ಲಿ ಬರೆದಿತ್ತು. ಬಂಕಿನ ಬೋರ್ಡಿನಲ್ಲಿ ಆ ರಿಯಾಯಿತಿ ಕಾಣಲಿಲ್ಲ.

ಇಂಜಿನ್ ವಿಷಯಕ್ಕೆ ಬಂದರೆ, ಈಗಿನ ಹೊಗೆ ನಿಯಮಕ್ಕೆ ತಕ್ಕಂತೆ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆಯಲ್ಲಿನ ಆಮ್ಲಜನಕ ನೋಡಿಕೊಂಡು ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುವ ಸೆನ್ಸರ್ ಇದೆ, ಅವಕ್ಕೆ ತೊಂದರೆ ಕಡಿಮೆ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಪೈಪು, ವಾಷರ್‌ಗಳೂ ಇ20 ತಡೆಯುವಂಥವು. ಪೇಚಾಡುವುದು ಕಾರ್ಬ್ಯುರೇಟರ್ ಇರುವ ಹಳೇ ಬೈಕುಗಳು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಕಾರ್ಬ್ಯುರೇಟರಿಗೆ ಇದು ಗೊತ್ತಾಗುವುದಿಲ್ಲ, ಅದು ಹಳೇ ಲೆಕ್ಕದಲ್ಲೇ ಗಾಳಿ ಬಿಡುತ್ತದೆ. ಪರಿಣಾಮ, ಗಾಳಿ ಹೆಚ್ಚಾಗಿ ಪ್ಲಗ್ ಬೆಳ್ಳಗಾಗುತ್ತದೆ, ಪಿಕಪ್‌ನಲ್ಲಿ ಮಿಸ್ಸಿಂಗ್ ಬರುತ್ತದೆ, ಇಂಜಿನ್ ಬಿಸಿಯೇರುತ್ತದೆ. ಪ್ಲಗ್ ಬಿಳಿಯಿದ್ದರೆ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ಬಿಡಿಭಾಗ) ಒಂದು ನಂಬರ್ ದೊಡ್ಡದು ಹಾಕಿಸಿ. ಐಡ್ಲಿಂಗ್ ಸರಿಪಡಿಸುವ ಸ್ಕ್ರೂ ತಿರುಗಿಸುವಾಗ ಮಾತ್ರ ಎಚ್ಚರ. ಸ್ಕ್ರೂ ಇಂಜಿನ್ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಾಗ ಪೆಟ್ರೋಲ್ ಹೆಚ್ಚುತ್ತದೆ, ಏರ್ ಫಿಲ್ಟರ್ ಕಡೆಗಿದ್ದರೆ ಒಳಕ್ಕೆ ತಿರುಗಿಸಿದಾಗ. ಇದು ತಿಳಿಯದೆ ಉಲ್ಟಾ ತಿರುಗಿಸಿ ಇ20ಯನ್ನು ಬೈಯುವವರು ಬಹಳ.

ರಬ್ಬರ್ ಇನ್ನೊಂದು ತಲೆನೋವು. ಹಳೇ ಪೈಪು, ಓ-ರಿಂಗುಗಳು ಎಥನಾಲ್ ಕುಡಿದು ಉಬ್ಬುತ್ತವೆ, ಒಣಗಿದಾಗ ಬಿರುಕು ಬಿಡುತ್ತವೆ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ, ಮಡಿಕೆಯಲ್ಲಿ ಗೀರು ಕಂಡರೆ ಬದಲಿಸಿ. ಇ20ಗೆ ಹಳೇ ಟ್ಯಾಂಕಿನ ಅಂಟು ಕೊಳೆಯನ್ನು ತೊಳೆಯುವ ಗುಣವೂ ಇದೆ. ಕೊಳೆ ಎಲ್ಲಾ ಬಂದು ಫಿಲ್ಟರಿನಲ್ಲಿ ಕೂರುತ್ತದೆ. ಹಾಗಾಗಿ ಹಳೇ ಗಾಡಿಗೆ ಒಂದು ಸಲ ಫಿಲ್ಟರ್ ಬದಲಿಸುವುದನ್ನು ಖರ್ಚು ಅಂದುಕೊಳ್ಳದೆ ಮಾಡಿಸಿ.

ಹೊಗೆಯ ಮಟ್ಟಿಗೆ ಇ20 ಉತ್ತಮ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಕಾರ್ಬನ್ ಮಾನಾಕ್ಸೈಡ್ ದ್ವಿಚಕ್ರ ವಾಹನಗಳಲ್ಲಿ ಅರ್ಧದಷ್ಟು, ಕಾರುಗಳಲ್ಲಿ ಶೇ 30ರಷ್ಟು ಇಳಿಯುತ್ತದೆ ಎಂದು ನೀತಿ ಆಯೋಗದ ಅದೇ ವರದಿ ಹೇಳುತ್ತದೆ. ನೈಟ್ರೋಜನ್ ಆಕ್ಸೈಡುಗಳು ಹೀಗೇ ಅಂತ ಹೇಳುವಂತಿಲ್ಲ, ಅಸಿಟಾಲ್ಡಿಹೈಡ್ ಎಂಬ ಕಣ್ಣು-ಮೂಗು ಉರಿಸುವ ಅನಿಲ ಏರುತ್ತದೆ.

ಈಗ ಹೊಲಕ್ಕೆ ಬರೋಣ. ಇ20ಯನ್ನು 'ಹಸಿರು' ಅಂತ ಮಾರುವುದು ಹೊಲದ ಹೆಸರಿನಲ್ಲೇ ತಾನೆ.

ಮಳೆ ಆಶ್ರಯದ ಹೊಲದಲ್ಲಿ ಎಕರೆಗೆ 20 ಕ್ವಿಂಟಲ್ ಮೆಕ್ಕೆಜೋಳ ಬಂತು ಅಂದುಕೊಳ್ಳಿ. ಒಂದು ಟನ್ ಕಾಳಿಗೆ ಸುಮಾರು 380 ಲೀಟರ್ ಎಥನಾಲ್. ಅಂದರೆ ಎಕರೆಗೆ 760 ಲೀಟರ್, ಶಕ್ತಿಯಲ್ಲಿ 500 ಲೀಟರ್ ಪೆಟ್ರೋಲಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್, ಆದ್ದರಿಂದ ಉಳಿತಾಯದ ಖಾತೆಗೆ 1150 ಕೆಜಿ ಜಮಾ. (ಎಥನಾಲ್ ಉರಿದಾಗ ಬರುವ ಇಂಗಾಲ ಬೆಳೆ ಗಾಳಿಯಿಂದಲೇ ಹೀರಿದ್ದು, ಅದು ಲೆಕ್ಕಕ್ಕಿಲ್ಲ.)

ಇನ್ನು ಖರ್ಚಿನ ಖಾತೆ. ಎಕರೆಗೆ 40 ಕೆಜಿ ಸಾರಜನಕ, ಅಂದರೆ 45 ಕೆಜಿಯ ಯೂರಿಯಾ ಚೀಲ ಎರಡು. ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ಮಣ್ಣಿನಿಂದ ನೈಟ್ರಸ್ ಆಕ್ಸೈಡಾಗಿ ಗಾಳಿಗೆ ಹೋಗುತ್ತದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಬಳಸುವ ಅಂದಾಜು. ನೂರಕ್ಕೆ ಒಂದು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟು ಬಿಸಿ ಹಿಡಿಯುತ್ತದೆ. 40 ಕೆಜಿಯ ಆ ಒಂದು ಪಾಲು ಸುಮಾರು 170 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾ ಮಣ್ಣಿನಲ್ಲಿ ಕರಗುವಾಗ ಬಿಡುವುದು 65 ಕೆಜಿ. ಉಳುಮೆ, ಬಿತ್ತನೆ, ಒಕ್ಕಣೆಗೆ 20 ಲೀಟರ್ ಡೀಸೆಲ್ ಉರಿದರೆ 54 ಕೆಜಿ. ಇಷ್ಟಕ್ಕೆ ನಿಂತರೆ ಖರ್ಚು 290ರ ಆಸುಪಾಸು, ರೈತನ ಮಟ್ಟಿಗೆ ಇದು ಲಾಭದ ಬಾಬತ್ತೇ. (ಕಚ್ಚಾತೈಲ ತೆಗೆದು ಶುದ್ಧೀಕರಿಸುವ ಲೆಕ್ಕವನ್ನೂ ಯೂರಿಯಾ ತಯಾರಿಕೆಯ ಲೆಕ್ಕವನ್ನೂ ಎರಡೂ ಕಡೆಯಿಂದ ಬಿಟ್ಟಿದ್ದೇವೆ.)

ಆಟ ಕೆಡುವುದು ಡಿಸ್ಟಿಲರಿಯ ಬಾಯ್ಲರ್ ಮನೆಯಲ್ಲಿ. ಕಾಳು ಪುಡಿ ಮಾಡಿ, ಗಂಜಿ ಬೇಯಿಸಿ, ಹುದುಗಿಸಿ, ಬಟ್ಟಿ ಇಳಿಸಿ, ಉಳಿದ ನೀರನ್ನೂ ತೆಗೆದು ಶೇ 99ಕ್ಕಿಂತ ಮೇಲಿನ ಶುದ್ಧಿಗೆ ತರಬೇಕು. ಉಳಿದ ಚರಟವನ್ನೂ ಒಣಗಿಸಬೇಕು. ಎಲ್ಲಕ್ಕೂ ಉಗಿ ಬೇಕು. ಲೀಟರ್ ಎಥನಾಲಿಗೆ ಅರ್ಧ ಕೆಜಿ ಕಲ್ಲಿದ್ದಲು ಅಂತ ಹಿಡಿದರೂ 760 ಲೀಟರಿಗೆ 380 ಕೆಜಿ, ಅದರ ಹೊಗೆ 570 ಕೆಜಿಯಷ್ಟು. 1150ರಲ್ಲಿ ಉಳಿದದ್ದು ಮುನ್ನೂರು ಕೂಡ ಇಲ್ಲ. ಅದೇ ಬಾಯ್ಲರಿಗೆ ಭತ್ತದ ಹೊಟ್ಟು, ಕಾಳು ಬಿಡಿಸಿದ ದಿಂಡು ಹಾಕಿದರೆ 860ರ ತನಕ ಉಳಿಯುತ್ತದೆ. ಅದೇ ಹೊಲ, ಅದೇ ಕಾಳು, ಅದೇ ಲೀಟರ್. ಒಂದು ಸ್ಟಾರೂ ಸರಿ ನಾಲ್ಕೂ ಸರಿ ಅಂದದ್ದು ಇದಕ್ಕೆ. ಬಂಕಿನಲ್ಲಿ ಪೆಟ್ರೋಲಿನ ಸಾಂದ್ರತೆ ಬರೆದು ಹಾಕುತ್ತಾರೆ. ಎಥನಾಲ್ ಯಾವ ಬೆಳೆಯದು, ಯಾವ ಉರುವಲಿನಲ್ಲಿ ಬಟ್ಟಿ ಇಳಿದದ್ದು ಅಂತ ಒಂದು ಸಾಲು ಬರೆಯಲು ಅಡ್ಡಿಯೇನು?

ಕಬ್ಬಿನ ಎಥನಾಲ್ ಆದರೆ ಉರುವಲಿನ ಚಿಂತೆ ಇಲ್ಲ, ಕಬ್ಬಿನ ಸಿಪ್ಪೆಯೇ ಬಾಯ್ಲರಿಗೆ ಹೋಗುತ್ತದೆ. ಅಲ್ಲಿ ಚಿಂತೆ ನೀರಿನದು. ಒಂದು ಟನ್ ಕಬ್ಬಿಗೆ 70 ಲೀಟರ್ ಎಥನಾಲ್, ಒಂದು ಲೀಟರ್ ಎಥನಾಲಿಗೆ 2860 ಲೀಟರ್ ನೀರು ಎನ್ನುವುದು ನೀತಿ ಆಯೋಗದ್ದೇ ಲೆಕ್ಕ. ಭದ್ರಾ ನಾಲೆಯ ಕೊನೇ ಭಾಗದವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇಸಿಗೆ ಬೆಳೆಗೆ ನೀರು ಬಿಡಿ ಅಂತ ಕೇಳುವವರು ಅವರೇ. ಬರದ ವರ್ಷ 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕೇಂದ್ರ ಕಡಿವಾಣ ಹಾಕಿತು, ಡಿಸ್ಟಿಲರಿಗಳ ಕಣ್ಣು ಮೆಕ್ಕೆಜೋಳದ ಮೇಲೆ ಬಿದ್ದದ್ದು ಆಗ. ಮಳೆಯಲ್ಲೇ ಬೆಳೆಯುವ ಮೆಕ್ಕೆಜೋಳ ನೀರಿನ ವಿಷಯದಲ್ಲಿ ಕಬ್ಬಿಗಿಂತ ಎಷ್ಟೋ ವಾಸಿ. ಆದರೆ ವರ್ಷಾ ವರ್ಷ ಅದೇ ಹೊಲಕ್ಕೆ ಅದೇ ಬೆಳೆ ಅಂದರೆ ಮಣ್ಣು ಸೊರಗುತ್ತದೆ, ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳುವಿಗೂ ಹಬ್ಬ. ದೇಶದಲ್ಲಿ ಆ ಹುಳು ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿದವರ ಹೊಲ ಈ ಲೆಕ್ಕದಲ್ಲಿ ಮೇಲು, ಆದರೆ ಡಿಸ್ಟಿಲರಿ ಅದಕ್ಕೆಂದು ಹೆಚ್ಚಿನ ಬೆಲೆ ಕೊಡುವುದಿಲ್ಲ. ಬೆಲೆ ಅಂದಮೇಲೆ, 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ಇದ್ದರೂ ಮಾರುಕಟ್ಟೆ ದರ ಅದರ ಕೆಳಗೇ ಇತ್ತು. ಎಥನಾಲ್ ಬಂತು, ರೈತ ಗೆದ್ದ ಅನ್ನುವ ಮಾತನ್ನು ಎಪಿಎಂಸಿ ಅಂಗಳದಲ್ಲಿ ನಿಂತು ಹೇಳುವುದು ಕಷ್ಟ.

ಕಾಳೆಲ್ಲ ಪೆಟ್ರೋಲಾಗುವುದಿಲ್ಲ ಅನ್ನುವುದನ್ನೂ ಮರೆಯಬಾರದು. ಎಥನಾಲ್ ಆಗುವುದು ಪಿಷ್ಟ ಮಾತ್ರ, ಟನ್ನಿಗೆ 300 ಕೆಜಿಯಷ್ಟು ಒಣ ಚರಟ ಉಳಿಯುತ್ತದೆ. ಡಿಡಿಜಿಎಸ್ ಅಂತ ಕೋಳಿ ಮತ್ತು ದನದ ಮೇವಿಗೆ ಮಾರುವುದು ಇದನ್ನೇ. ಪ್ರೋಟೀನ್ ಚೆನ್ನಾಗಿದೆ. ಆದರೆ ಪಿಷ್ಟ ಹೋಗಿ ಉಳಿದದ್ದು ಮೂರನೇ ಒಂದು ಪಾಲು ಆದ್ದರಿಂದ, ಕಾಳಿನಲ್ಲಿದ್ದ ಬೂಸ್ಟಿನ ವಿಷವೂ ಮೂರು ಪಟ್ಟು ಗಟ್ಟಿಯಾಗಿರುತ್ತದೆ. ಆ ವಿಷದ, ಅಂದರೆ ಅಫ್ಲಾಟಾಕ್ಸಿನ್‌ನ, ಪರೀಕ್ಷಾ ವರದಿ ತೋರಿಸದ ಚೀಲವನ್ನು ಕರೆಯುವ ಹಸುವಿಗೆ ಹಾಕಬೇಡಿ, ಅದು ಹಾಲಿಗೂ ಇಳಿಯುತ್ತದೆ.

ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಒಂದು ಮಾತು, ಬೈಕಿನವರಿಗಿಂತ ಇ20 ನಿಮ್ಮನ್ನೇ ಹೆಚ್ಚು ಕಾಡುವುದು. ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರ್ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುತ್ತವೆ. ಕಾರ್ಬ್ಯುರೇಟರಿನಲ್ಲಿ ನಿಂತ ಎರಡು ಚಮಚ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ಆವಿಯಾಗಿ ಅಂಟಾಗುತ್ತದೆ, ಒಳಗಿನ ತೆಳು ರಬ್ಬರ್ ಪರದೆ ಒಣ ಹಪ್ಪಳದಂತೆ ಸೆಟೆಯುತ್ತದೆ. ಮುಂದಿನ ಸಲ ಹಗ್ಗ ಎಳೆದೆಳೆದು ತೋಳು ನೋಯುವುದು ಅದಕ್ಕೇ. ಟೂ-ಸ್ಟ್ರೋಕ್ ಯಂತ್ರವಾದರೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸುವುದು ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟೇ. 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತಿದ್ದರೆ 40. ಬೆರೆಸಿದ್ದನ್ನು ಹದಿನೈದು ದಿನಕ್ಕಿಂತ ಇಡಬೇಡಿ, ನೆನಪಿಗೆ ಕ್ಯಾನಿನ ಮೇಲೆ ತಾರೀಖು ಬರೆಯಿರಿ. ಕೆಲಸ ಮುಗಿದ ದಿನ ಟ್ಯಾಂಕ್ ಪೂರ್ತಿ ಬಗ್ಗಿಸಿ ಖಾಲಿ ಮಾಡಿ, ಯಂತ್ರ ಚಾಲೂ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಪ್ರೈಮರ್ ಗುಂಡಿ ನಾಲ್ಕು ಸಲ ಒತ್ತಿ, ಇನ್ನೊಮ್ಮೆ ಹಗ್ಗ ಎಳೆಯಿರಿ, ಉಳಿದದ್ದೂ ಉರಿದುಹೋಗಲಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿ ಹಾಕಿ, ನೆಲದ ತೇವ ತಾಗದ ಕಡೆ ಗೋಡೆಗೆ ತೂಗುಹಾಕಿ.